ಎಲ್ಲರ ಹೊಟ್ಟೆ ಮೇಲೂ ಒಂದೇ ಮಣ್ಣು

(ಒಬ್ಬರು ಹಾಸನದ ಕಡೆ ಬಹಳ ವರ್ಷ ಮೆಡಿಕಲ್ ಸ್ಟೋರ್ ನಡೆಸಿ ಈಗ ಅದನ್ನು ಮಗನಿಗೆ ಬಿಟ್ಟುಕೊಟ್ಟವರು. ಇನ್ನೊಬ್ಬಳು ಅವರ ಅಕ್ಕನ ಮಗಳು. ಬಿಎನ್‌ವೈಎಸ್ ಓದಿ ಪ್ರಕೃತಿ ಚಿಕಿತ್ಸೆಯ ಆಸ್ಪತ್ರೆಯೊಂದರಲ್ಲಿ ವೈದ್ಯೆಯಾಗಿದ್ದಾಳೆ. ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಮಾವನ ಮನೆಯ ಜಗಲಿಯಲ್ಲಿ ನಡೆದ ಮಾತು.)

ಮಾವ: ನಿಮ್ಮಂಥದ್ದೇ ಒಂದು ಆಸ್ಪತ್ರೆಗೆ ನನ್ನ ಸ್ನೇಹಿತ ಹೋಗಿ ಬಂದ ಕಣೇ. ಅವನಿಗೆ ಮಂಡಿನೋವು. ಪಕ್ಕದ ಮಂಚದವನಿಗೆ ಅಸ್ತಮಾ. ಅದರಾಚೆಯವನಿಗೆ ಏನೂ ಇಲ್ಲ, ರಜಾ ಕಳೆಯೋಕೆ ಬಂದಿದ್ದ. ಬೆಳಿಗ್ಗೆ ಆರು ಗಂಟೆಗೆ ಮೂರು ಜನರ ಹೊಟ್ಟೆ ಮೇಲೂ ಮಣ್ಣಿನ ಪಟ್ಟಿ. ಆಮೇಲೆ ಎನಿಮಾ. ಆಮೇಲೆ ಬೂದುಗುಂಬಳಕಾಯಿ ರಸ. ನೀನು ನೋಡಿದ್ರೆ ‘ನಮ್ಮಲ್ಲಿ ರೋಗಕ್ಕಲ್ಲ, ರೋಗಿಗೆ ಚಿಕಿತ್ಸೆ, ಒಬ್ಬೊಬ್ಬರಿಗೂ ಬೇರೆ ಬೇರೆ’ ಅಂತೀಯ. ಬೇರೆ ಎಲ್ಲಿದೆ? ರೇಷನ್ ಅಂಗಡೀಲಿ ಕಾರ್ಡಿಗಿಷ್ಟು ಅಂತ ಅಳೆದು ಹಾಕೋ ಹಾಗಿದೆ.

ಸೊಸೆ: ಅವರು ಹೇಳಿದ್ದು ಸುಳ್ಳಲ್ಲ ಮಾವ. ಬೆಳಗಿನ ಸಾಲು ಹೆಚ್ಚುಕಡಿಮೆ ಎಲ್ಲ ಕಡೆಯೂ ಅದೇ. ನೂರು ಜನ ಇರೋ ಕಡೆ ನೂರು ಥರ ಶುರು ಮಾಡೋಕಾಗಲ್ಲ, ಮಣ್ಣು ಕಲಸೋರು ಇಬ್ಬರೇ ಇರ್ತಾರೆ. ಹೊಟ್ಟೆ ಮೇಲೆ ಇಪ್ಪತ್ತು ನಿಮಿಷ ತಣ್ಣನೆ ಒದ್ದೆ ಮಣ್ಣು ಇಟ್ಟರೆ ಹೆಚ್ಚಿನವರಿಗೆ ತೊಂದರೆ ಇಲ್ಲ, ಹಿತವೇ. ಆದ್ರೆ ಅಸ್ತಮಾದವರಿಗೆ ಮಾಗಿ ಚಳೀಲಿ, ಉಬ್ಬಸ ಇರೋ ದಿನವೂ ಇಟ್ಟಿದ್ರೆ, ಅಲ್ಲಿ ಕೇಸ್ ಶೀಟ್ ಯಾರೂ ಓದಿಲ್ಲ ಅಂತ ಅರ್ಥ.

ಮಾವ: ಮಣ್ಣು ಮೈಯೊಳಗಿನ ವಿಷ ಹೀರುತ್ತೆ ಅಂತ ಅವನಿಗೆ ಹೇಳಿದ್ರಂತೆ.

ಸೊಸೆ: ನಾನು ಆ ಮಾತು ಹೇಳಲ್ಲ. ಒದ್ದೆ ಮಣ್ಣು ತಂಪನ್ನ ಬಹಳ ಹೊತ್ತು ಹಿಡಿದಿಟ್ಕೊಳ್ಳುತ್ತೆ, ಅಷ್ಟು ಸಾಕು. ವಿಷ ಅಂದ್ರೆ ಯಾವ ವಿಷ, ಎಷ್ಟು ಇತ್ತು, ಎಷ್ಟು ಹೋಯ್ತು ಅಂತ ನೀವು ಕೇಳ್ತೀರಿ, ನನ್ನ ಹತ್ರ ಲೆಕ್ಕ ಇರಲ್ಲ.

ಮಾವ: ಅಂದ್ರೆ ‘ಬೇರೆ ಬೇರೆ’ ಇರೋದು ಕೇಸ್ ಶೀಟಲ್ಲಿ, ಮಂಚದ ಮೇಲಲ್ಲ.

ಸೊಸೆ: ಎರಡೂ ಕಡೆ ಇರ್ಬೇಕು. ನೀರನ್ನೇ ತಗೊಳ್ಳಿ. ನಮಗೆ ನೀರೇ ಮದ್ದು, ಅದರ ಬಿಸಿಯೇ ಡೋಸು. 34ರಿಂದ 36 ಡಿಗ್ರಿ, ಅಂದ್ರೆ ಮೈಗೆ ಬಿಸಿಯೂ ಅನ್ನಿಸದ ತಣ್ಣಗೂ ಅನ್ನಿಸದ ನೀರಲ್ಲಿ ಅರ್ಧ ಗಂಟೆ ಮಲಗಿಸಿದ್ರೆ ಬಿಗಿದ ಮೈ ಸಡಿಲ ಆಗುತ್ತೆ. ನಿದ್ದೆ ಬರದವರಿಗೆ ಅದನ್ನ ಸಂಜೆ ಕೊಡ್ತೀವಿ. 18 ಡಿಗ್ರಿ ನೀರಲ್ಲಿ ಸೊಂಟದ ಸ್ನಾನ ಅಂದ್ರೆ ಅದು ಬೇರೆಯೇ ಕಥೆ. ಗಟ್ಟಿಮುಟ್ಟಾದವರು ಹತ್ತು ನಿಮಿಷ ಕೂರ್ತಾರೆ, ಬಡಕಲು ಮೈಯವರು ಎರಡೇ ನಿಮಿಷಕ್ಕೆ ನಡುಗ್ತಾರೆ. 40 ದಾಟಿದ ನೀರಲ್ಲಿ ಕಾಲಿಟ್ಟು, ತಲೆಗೆ ಒದ್ದೆ ಬಟ್ಟೆ ಹಾಕಿ ಕೂರಿಸಿದ್ರೆ ತಲೆಭಾರ ಇಳೀತು ಅನ್ನೋರು ಎಷ್ಟೋ ಜನ. ಅದೇ ಟಬ್ಬಲ್ಲಿ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇರೋರ ಕಾಲಿಟ್ಟರೆ? ಪಾದದಲ್ಲಿ ಸ್ಪರ್ಶವೇ ಹೋಗಿರುತ್ತೆ. ಸುಡ್ತಿರೋದು ಗೊತ್ತಾಗಲ್ಲ, ಬೊಬ್ಬೆ ಎದ್ದ ಮೇಲೆ ನೋಡ್ಕೋತಾರೆ. ಅವರಿಗೆ ಆ ಟಬ್ಬು ಇಲ್ಲವೇ ಇಲ್ಲ. ಯಾರಿಗೆ ಏನು ಕೊಡಬೇಕು ಅನ್ನೋದಕ್ಕಿಂತ ಯಾರಿಗೆ ಏನು ಕೊಡಬಾರದು ಅನ್ನೋದರಲ್ಲೇ ನಮ್ಮ ಅರ್ಧ ಓದು ಕಳೀತು.

ಮಾವ: ಡೋಸು ನೋಡಿ ಕೊಡೋದು, ಆಗದವರಿಗೆ ಕೊಡದೇ ಇರೋದು. ಇದನ್ನ ಅಲೋಪಥಿಯವರೂ ಮಾಡ್ತಾರಲ್ಲ. ಕಿಡ್ನಿ ನೋಡಿ ಮೆಟ್‌ಫಾರ್ಮಿನ್ ಇಳಿಸ್ತಾರೆ, ಮಗುವಿನ ತೂಕ ನೋಡಿ ಸಿರಪ್ ಬರೀತಾರೆ. ನನ್ನ ಕೌಂಟರ್ ಮುಂದೆ ನಿಂತೋರಲ್ಲಿ ಯಾರಿಗೆ ಪೆನ್ಸಿಲಿನ್ ಆಗಲ್ಲ ಅಂತ ನನಗೇ ಬಾಯಿಪಾಠ ಇತ್ತು. ಅದನ್ನೊಂದು ತತ್ವ ಅಂತ ಯಾರೂ ಬೋರ್ಡ್ ಹಾಕ್ಕೊಳ್ಳಲಿಲ್ಲ.

ಸೊಸೆ: ಒಪ್ಪಿದೆ. ಆದ್ರೆ ಅವರು ಕೇಳದ ಪ್ರಶ್ನೆಗಳನ್ನ ನಾವು ಕೇಳ್ತೀವಿ. ಜಾಣತನದಿಂದಲ್ಲ, ಹೊತ್ತು ಇರೋದರಿಂದ. ಬೇರೆ ಬೇರೆ ದೇಶಗಳಲ್ಲಿ ಡಾಕ್ಟರು ಒಬ್ಬ ರೋಗಿಗೆ ಎಷ್ಟು ಹೊತ್ತು ಕೊಡ್ತಾರೆ ಅಂತ ಒಟ್ಟು ಹಾಕಿ 2017ರಲ್ಲಿ ಒಂದು ಲೇಖನ ಬಂತು. ಬಾಂಗ್ಲಾದೇಶದಲ್ಲಿ 48 ಸೆಕೆಂಡ್, ಸ್ವೀಡನ್‌ನಲ್ಲಿ 22 ನಿಮಿಷದ ಮೇಲೆ. ನಮ್ಮಲ್ಲಿ ಸುಮಾರು ಎರಡು ನಿಮಿಷ. ಎರಡು ನಿಮಿಷದಲ್ಲಿ ‘ಏನಾಗುತ್ತೆ’ ಅಂತ ಕೇಳಬಹುದು, ‘ರಾತ್ರಿ ಅಡುಗೆ ಯಾರು ಮಾಡ್ತಾರೆ’ ಅಂತ ಕೇಳೋಕಾಗಲ್ಲ.

ಮಾವ: ಅಡುಗೆ ಯಾರು ಮಾಡಿದ್ರೆ ಏನಂತೆ?

ಸೊಸೆ: ಒಬ್ಬ ಬಸ್ ಡ್ರೈವರ್ ಬಂದಿದ್ದರು. ಎದೆಯುರಿ, ಹುಳಿತೇಗು, ಬೊಜ್ಜು, ಆಗತಾನೇ ಶುರುವಾದ ಬಿಪಿ. ನಮ್ಮ ಅಚ್ಚು ಹಾಕಿಟ್ಟ ಡಯಟ್ ಚಾರ್ಟಿನ ಪ್ರಕಾರ ಸಂಜೆ ಆರೂವರೆಗೆ ಊಟ, ಒಂಬತ್ತೂವರೆಗೆ ನಿದ್ದೆ. ಅವರು ವಾರದಲ್ಲಿ ನಾಲ್ಕು ರಾತ್ರಿ ನೈಟ್ ಹಾಲ್ಟ್. ಬಸ್ಸು ಹಳ್ಳಿ ಸೇರೋದೇ ಒಂಬತ್ತೂವರೆಗೆ. ಊಟ ಅಂದ್ರೆ ಹೆದ್ದಾರಿ ಪಕ್ಕದ ಹೋಟೆಲಲ್ಲಿ ಹತ್ತು ಗಂಟೆಗೆ ಸಿಗೋ ಪರೋಟ, ಕುರ್ಮ. ಮಲಗೋದು ಬಸ್ಸಿನ ಹಿಂದಿನ ಸೀಟಲ್ಲಿ. ಆ ಚಾರ್ಟ್ ಕೊಟ್ಟು ಕಳಿಸಿದ್ರೆ ಎರಡು ದಿನ ಪಾಲಿಸಿ, ಮೂರನೇ ದಿನಕ್ಕೆ ‘ಇದೆಲ್ಲ ದುಡ್ಡಿದ್ದವರ ಆಟ’ ಅಂತ ಬಿಸಾಕ್ತಿದ್ದರು. ಅವರಿಗೆ ಮಧ್ಯಾಹ್ನದ್ದೇ ದೊಡ್ಡ ಊಟ ಅಂತ ಮಾಡಿದ್ವಿ. ಡಿಪೋ ಬಿಡುವಾಗ ಮನೆಯಿಂದ ರಾಗಿ ಮುದ್ದೆಯನ್ನೇ ಕಟ್ಟಿಸ್ಕೊಂಡು ಸಂಜೆ ಏಳಕ್ಕೆ ಯಾವ ಸ್ಟಾಂಡಲ್ಲಿ ಬಸ್ ಹತ್ತು ನಿಮಿಷ ನಿಲ್ಲುತ್ತೋ ಅಲ್ಲಿ ತಿನ್ನೋದು. ರಾತ್ರಿ ಹೋಟೆಲಿಗೆ ಹೋದ್ರೂ ಮಜ್ಜಿಗೆ. ಮಲಗುವಾಗ ತಲೆ ಕಡೆ ಎತ್ತರ. ಇದರಲ್ಲಿ ಮದ್ದು ಯಾವುದು ಹೇಳಿ? ಏನೂ ಇಲ್ಲ. ಅವರ ಡ್ಯೂಟಿ ಪಟ್ಟಿ ಎದುರಿಗೆ ಇಟ್ಕೊಂಡು ಕೂತಿದ್ದಷ್ಟೇ.

ಮಾವ: ಕಡಿಮೆ ಆಯ್ತಾ?

ಸೊಸೆ: ಎದೆಯುರಿ ಕಡಿಮೆ ಆಯ್ತು. ಬಿಪಿ ಮಾತ್ರೆ ಈಗಲೂ ತಗೋತಾರೆ.

ಮಾವ: ಪ್ರಾಮಾಣಿಕವಾಗಿ ಹೇಳಿದೆ, ಸರಿ. ಈಗ ನನ್ನ ಸರದಿ. ನಮ್ಮಪ್ಪ, ಅಂದ್ರೆ ನಿನ್ನ ತಾತ, ಗಾಂಧಿ ಅಂದ್ರೆ ಪ್ರಾಣ ಬಿಡ್ತಿದ್ದರು. ಅವರ ಟ್ರಂಕಲ್ಲಿ ಲೂಯಿ ಕೂನೆ ಪುಸ್ತಕ ಇತ್ತು. ನಾನು ಫಾರ್ಮಸಿ ಓದೋಕೆ ಹೋಗೋ ಮೊದಲೇ ಓದಿದ್ದೆ. ಜರ್ಮನಿಯ ಲೈಪ್‌ಜಿಗ್‌ನವನು, ನಿಮ್ಮ ಶಾಸ್ತ್ರದ ದೊಡ್ಡ ಗುರು. ಅವನು ಬರೆದಿರೋದೇನು? ರೋಗ ಅನ್ನೋದು ಒಂದೇ. ಮೈಯಲ್ಲಿ ಹೊರಗಿನ ಪದಾರ್ಥ ಸೇರ್ಕೊಂಡಿರೋದೇ ಎಲ್ಲದಕ್ಕೂ ಕಾರಣ. ಕಾರಣ ಒಂದೇ ಆದ್ರಿಂದ ಚಿಕಿತ್ಸೆಯೂ ಒಂದೇ: ಸೊಂಟದ ಸ್ನಾನ, ಘರ್ಷಣ ಸ್ನಾನ, ಹಬೆ, ಸಪ್ಪೆ ಊಟ. ‘ಒಬ್ಬೊಬ್ಬರಿಗೂ ಬೇರೆ’ ಅನ್ನೋ ನಿಮ್ಮ ಬೋರ್ಡಿಗೂ ಈ ಗುರುವಿಗೂ ಏನು ಸಂಬಂಧ? ಇವನದು ಎಲ್ಲರಿಗೂ ಒಂದೇ ಅನ್ನೋ ಸಿದ್ಧಾಂತ.

ಸೊಸೆ: ಇದನ್ನ ಕಾಲೇಜಲ್ಲಿ ನಾವೂ ಕೇಳಿದ್ವಿ, ಮೇಷ್ಟ್ರು ನಕ್ಕು ಮುಂದಕ್ಕೆ ಹೋದ್ರು. ನೀವು ಹಿಡಿದಿದ್ದು ಸರಿ. ಪುಸ್ತಕದಲ್ಲಿ ರೋಗವೂ ಒಂದೇ, ಮದ್ದೂ ಒಂದೇ. ಆ ಪುಸ್ತಕ 1894ರ ಹೊತ್ತಿಗೇ ತೆಲುಗಿಗೆ ಬಂತು, ಆಮೇಲೆ ಹಿಂದಿ, ಉರ್ದು. ನಮ್ಮ ದೇಶದ ಪ್ರಕೃತಿ ಚಿಕಿತ್ಸೆಯ ಮೈಯಲ್ಲಿ ಕೂನೆಯ ರಕ್ತವೇ ಜಾಸ್ತಿ. ಆದ್ರೆ ಕೂನೆ ಒಬ್ಬನೇ ಅಲ್ಲ. ಅವನಿಗೂ ಮುಂಚೆ ಗ್ರೇಫನ್‌ಬರ್ಗ್ ಅನ್ನೋ ಬೆಟ್ಟದೂರಲ್ಲಿ, ಈಗ ಅದು ಚೆಕ್ ದೇಶಕ್ಕೆ ಸೇರಿದೆ, ಪ್ರೀಸ್‌ನಿಟ್ಸ್ ಅಂತ ಒಬ್ಬ ರೈತ ಇದ್ದ. ಪಕ್ಕೆಲುಬು ಮುರಿದಾಗ ಒದ್ದೆ ಬಟ್ಟೆ ಸುತ್ತಿ ಸುಧಾರಿಸಿಕೊಂಡವನು. ಆಮೇಲೆ ಯೂರೋಪೆಲ್ಲ ಅವನ ಬಾಗಿಲಿಗೆ ಬಂತು. ಬವೇರಿಯಾದ ವರಿಸ್‌ಹೋಫನ್ನಲ್ಲಿ ಕ್ನೈಪ್ ಅನ್ನೋ ಪಾದ್ರಿ. ಕ್ಷಯ ಹತ್ತಿ, ಚಳೀಲಿ ಡ್ಯಾನ್ಯೂಬ್ ನದಿಯಲ್ಲಿ ಮುಳುಗಿ ಏಳ್ತಾ ವಾಸಿ ಮಾಡ್ಕೊಂಡೆ ಅಂತ ನಂಬಿದ್ದವನು. 1886ರಲ್ಲಿ ಅವನ ನೀರು ಚಿಕಿತ್ಸೆಯ ಪುಸ್ತಕ ಬಂತು. ಮೊದಮೊದಲು ಒರಟು ಚಿಕಿತ್ಸೆ. ರೋಗಿಗಳನ್ನ ನೋಡ್ತಾ ನೋಡ್ತಾ ಮೆತ್ತಗಾದ. ಮೈ ಪೂರಾ ಮುಳುಗಿಸೋದರ ಬದಲು ಮಂಡಿಗೆ ಒಂದು ಚೊಂಬು, ತೋಳಿಗೆ ಒಂದು ಚೊಂಬು ಅಂತ ಸುರಿಯೋದು. ಪುಸ್ತಕದವನಿಗೆ ಎಲ್ಲ ಒಂದೇ ಥರ ಕಾಣುತ್ತೆ ಮಾವ. ಎದುರಿಗೆ ಮನುಷ್ಯ ಕೂತಾಗ ಕೈ ತಾನೇ ಬದಲಾಗುತ್ತೆ.

ಮಾವ: ಚೆನ್ನಾಗಿ ಜಾರಿಕೊಂಡೆ.

ಸೊಸೆ: ಜಾರಿಕೊಳ್ಳಲಿಲ್ಲ. ಗಾಂಧಿಯನ್ನೇ ನೋಡಿ. ತಾತನ ಟ್ರಂಕಲ್ಲಿ ಆತ್ಮಕಥೆಯೂ ಇತ್ತಲ್ಲ. 1902ರಲ್ಲಿ ಮುಂಬಯಿಯಲ್ಲಿ ಅವರ ಹತ್ತು ವರ್ಷದ ಮಗ ಮಣಿಲಾಲನಿಗೆ ಟೈಫಾಯ್ಡು, ಜೊತೆಗೆ ನ್ಯುಮೋನಿಯಾ. ಜ್ವರ 104. ಪಾರ್ಸಿ ಡಾಕ್ಟರು ಮೊಟ್ಟೆ, ಕೋಳಿ ಸಾರು ಕೊಡಿ ಅಂದ್ರು. ಗಾಂಧಿ ಒಪ್ಪಲಿಲ್ಲ, ಕೂನೆಯ ಸೊಂಟದ ಸ್ನಾನ ಶುರು ಮಾಡಿದ್ರು. ಆದ್ರೆ ಒಂದು ಸಲಕ್ಕೆ ಮೂರು ನಿಮಿಷ ದಾಟಿಸಲಿಲ್ಲ. ಕಿತ್ತಳೆ ರಸಕ್ಕೆ ನೀರು ಬೆರೆಸಿ ಕೊಟ್ಟರು. ನಾಡಿ, ಎದೆ ನೋಡೋಕೆ ಅದೇ ಡಾಕ್ಟರನ್ನ ಬರೋಕೆ ಹೇಳಿದ್ರು. ಕೊನೆಗೆ ಒದ್ದೆ ಚಾದರ ಸುತ್ತಿ, ಮೇಲೆ ಕಂಬಳಿ ಹೊದಿಸಿ, ಬೆವರು ಬಂದು ಜ್ವರ ಬಿಡ್ತು. ಪುಸ್ತಕ ಕೂನೆಯದು, ಮೂರು ನಿಮಿಷ ಗಾಂಧಿಯದು.

ಮಾವ: ಮುಂದಿನದನ್ನೂ ಹೇಳು. ವಾಸಿಯಾಗಿದ್ದು ದೇವರ ದಯೆಯಿಂದಲೋ, ನೀರಿನಿಂದಲೋ, ಪಥ್ಯದಿಂದಲೋ, ಆರೈಕೆಯಿಂದಲೋ ಯಾರಿಗೆ ಗೊತ್ತು ಅನ್ನೋ ಅರ್ಥದಲ್ಲಿ ಅವರೇ ಬರ್ಕೊಂಡಿದ್ದಾರೆ. ನನ್ನ ಪ್ರಕಾರ ಆ ಇಡೀ ಅಧ್ಯಾಯದಲ್ಲಿ ವೈದ್ಯಶಾಸ್ತ್ರ ಅಂತ ಇರೋದು ಆ ಒಂದು ಅನುಮಾನದಲ್ಲೇ. 1924ರದ್ದೂ ಮರೀಬೇಡ. ಯೆರವಾಡ ಜೈಲಲ್ಲಿದ್ದಾಗ ಅಪೆಂಡಿಸೈಟಿಸ್ ಆಯ್ತು, ಪುಣೆಯ ಸಸೂನ್ ಆಸ್ಪತ್ರೇಲಿ ಕರ್ನಲ್ ಮ್ಯಾಡಕ್ ಕೈಲಿ ಆಪರೇಷನ್. ನಡುವೆ ಕರೆಂಟು ಹೋಗಿ ಲಾಟೀನು ಹಿಡಿದು ಮುಗಿಸಿದ್ರು. ಆಗ ಯಾರೂ ಹೊಟ್ಟೆ ಮೇಲೆ ಮಣ್ಣು ಇಡಲಿಲ್ಲ.

ಸೊಸೆ: ಇಡಬಾರದಿತ್ತು, ಇಡಲಿಲ್ಲ. ಅದಾದ ಇಪ್ಪತ್ತೆರಡು ವರ್ಷಕ್ಕೆ, 1946ರಲ್ಲಿ, ಅವರೇ ಪುಣೆ ಹತ್ತಿರದ ಉರುಳಿಕಾಂಚನದಲ್ಲಿ ಹಳ್ಳಿಯವರಿಗಾಗಿ ನಿಸರ್ಗೋಪಚಾರ ಆಶ್ರಮ ಶುರು ಮಾಡಿದ್ರು. ಕತ್ತರಿ ಬೇಕಾದಾಗ ಕತ್ತರಿ, ನೀರು ಸಾಕಾದಾಗ ನೀರು. ನನಗಂತೂ ಅದರಲ್ಲಿ ಇಬ್ಬಂದಿತನ ಕಾಣಲ್ಲ.

ಮಾವ: ಕಾಣಬೇಡ. ನನ್ನ ತಕರಾರು ಬೇರೆ. ಅಂಗಡೀಲಿ ನಾನು ದಿನಾ ಕೇಳ್ತಿದ್ದ ಮಾತು ಇದು: ‘ಇವರಿಗೆ ಆಗಿ ಬಂತು, ನಿಮಗೆ ಆಗಿ ಬರಲಿಲ್ಲ, ದೇಹಪ್ರಕೃತಿ ಬೇರೆ.’ ಗೆದ್ದರೆ ಚಿಕಿತ್ಸೆ ಗೆದ್ದಿತು, ಸೋತರೆ ದೇಹಪ್ರಕೃತಿ ಸೋತಿತು. ಒಬ್ಬೊಬ್ಬರಿಗೂ ಬೇರೆ ಅಂದುಬಿಟ್ಟರೆ ಯಾರನ್ನ ಯಾರ ಜೊತೆ ಹೋಲಿಸೋದು? ನಾನು ಮಾರ್ತಿದ್ದ ಮಾತ್ರೆ ಸೋಲಬಹುದು, ಸೋತಿದೆ, ಮಾರ್ಕೆಟಿಂದ ವಾಪಸ್ ಕರೆಸ್ಕೊಂಡಿದ್ದಾರೆ. ನಿಮ್ಮ ಶಾಸ್ತ್ರ ಸೋಲೋಕೆ ದಾರಿಯನ್ನೇ ಇಟ್ಟಿಲ್ಲ.

ಸೊಸೆ: ಈ ಮಾತು ನಮ್ಮವರಿಗೆ ಇಷ್ಟ ಆಗಲ್ಲ. ಆದ್ರೆ ದಾರಿ ಇದೆ ಮಾವ. ಮಣ್ಣನ್ನ ಬೇರೆ, ರಸವನ್ನ ಬೇರೆ ಅಂತ ಪರೀಕ್ಷೆ ಮಾಡಬೇಕಾಗಿಲ್ಲ. ‘ಕೂತು ಕೇಳಿ, ಅವರವರಿಗೆ ತಕ್ಕ ಹಾಗೆ ಹೇಳೋದು’ ಅನ್ನೋ ಇಡೀ ಪದ್ಧತಿಯನ್ನೇ ಪರೀಕ್ಷೆಗೆ ಹಾಕಬಹುದು. ಕೆನಡಾದಲ್ಲಿ ಹಾಕಿದ್ದಾರೆ. ಅಂಚೆ ಇಲಾಖೆ ನೌಕರರು, ಹೃದಯದ ಕಾಯಿಲೆಯ ಅಪಾಯ ಇದ್ದವರು, 246 ಜನ. ಚೀಟಿ ಎತ್ತಿದ ಹಾಗೆ ಎರಡು ಗುಂಪು. ಒಂದು ಗುಂಪಿಗೆ ಅವರ ಮಾಮೂಲಿ ಡಾಕ್ಟರು. ಇನ್ನೊಂದಕ್ಕೆ ಅದರ ಜೊತೆ ನ್ಯಾಚುರೋಪಥಿ ಡಾಕ್ಟರು. ಒಬ್ಬೊಬ್ಬರಿಗೂ ಅವರವರ ಊಟ, ನಡಿಗೆ, ನಿದ್ದೆ ನೋಡಿ ಸಲಹೆ, ಕೆಲವರಿಗೆ ಮೀನೆಣ್ಣೆ, ನಾರಿನ ಪುಡಿ ಅಂಥವು. ಒಂದು ವರ್ಷ ಆದ ಮೇಲೆ, ಮುಂದಿನ ಹತ್ತು ವರ್ಷದಲ್ಲಿ ಹೃದಯದ ತೊಂದರೆ ಬರೋ ಅಂದಾಜು ಆ ಎರಡನೇ ಗುಂಪಲ್ಲಿ ನೂರಕ್ಕೆ ಸುಮಾರು ಮೂರರಷ್ಟು ಕಡಿಮೆ ಇತ್ತು. 2013ರಲ್ಲಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು.

ಮಾವ: ಮೂರು. ಸಣ್ಣದಲ್ಲ. ಆದ್ರೆ ನಾನು ವ್ಯಾಪಾರಿ, ತಕ್ಕಡಿ ನೋಡದೆ ಬಿಡಲ್ಲ. ಎರಡನೇ ಗುಂಪಿನವರು ಡಾಕ್ಟರನ್ನ ಎಷ್ಟು ಸಲ ಜಾಸ್ತಿ ನೋಡಿದ್ರು?

ಸೊಸೆ: ಹಲವು ಸಲ.

ಮಾವ: ಹಾಗಾದ್ರೆ ಗೆದ್ದಿದ್ದು ನ್ಯಾಚುರೋಪಥಿಯೋ, ಆ ಭೇಟಿಗಳೋ? ಮಾಮೂಲಿ ಡಾಕ್ಟರೇ ಅಷ್ಟು ಸಲ ಕೂರಿಸ್ಕೊಂಡು ‘ಏನು ತಿಂದ್ರಿ, ನಡೆದ್ರಾ’ ಅಂತ ಕೇಳಿದ್ರೆ?

ಸೊಸೆ: ಅದೇ ಪ್ರಶ್ನೆಯನ್ನ ಆಗ ಬೇರೆಯವರೂ ಕೇಳಿದ್ರು. ನನ್ನ ಉತ್ತರ, ಭೇಟಿಗಳೇ ಗೆದ್ದಿರಬಹುದು. ಇದನ್ನ ನಮ್ಮ ಆಸ್ಪತ್ರೇಲಿ ಜೋರಾಗಿ ಹೇಳಿದ್ರೆ ಹಿರಿಯರು ಮುಖ ಸಿಂಡರಿಸ್ತಾರೆ. ಆದ್ರೆ ನನಗನ್ನಿಸೋದು, ನಮ್ಮ ಪದ್ಧತಿಯಲ್ಲಿ ಗಟ್ಟಿಯಾಗಿರೋದು ಮಣ್ಣೂ ಅಲ್ಲ, ಬೂದುಗುಂಬಳವೂ ಅಲ್ಲ. ಒಬ್ಬ ಮನುಷ್ಯನ ದಿನಚರಿಯನ್ನ ಕೂತು ಕೇಳ್ತೀವಲ್ಲ, ಅದು. ಮಣ್ಣು, ನೀರು ಅದಕ್ಕೊಂದು ನೆಪ, ಒಳ್ಳೇ ನೆಪ. ಮಾಲಿಶು ಮಾಡೋ ಹುಡುಗಿಯ ಹತ್ರ ಹೆಂಗಸರು ಹೇಳ್ಕೊಳ್ಳೋದನ್ನ ನನ್ನ ಮೇಜಿನ ಮುಂದೆ ಹೇಳಲ್ಲ. ಗಂಡ ಕುಡೀತಾನೆ, ರಾತ್ರಿ ಒಂದು ಗಂಟೆ ತನಕ ಬಾಗಿಲು ಕಾಯಬೇಕು ಅನ್ನೋದು ‘ನಿದ್ದೆ ಬರಲ್ಲ ಡಾಕ್ಟ್ರೇ’ ಅಂತ ನನ್ನ ಕೇಸ್ ಶೀಟಿಗೆ ಬಂದು ಕೂತಿರುತ್ತೆ. ಹುಡುಗಿ ಬಂದು ಹೇಳಿದ ಮೇಲೆ ಆ ಸಾಲನ್ನ ಹೊಡೆದು ಬೇರೆ ಬರೀತೀನಿ.

ಮಾವ: ಆಯ್ತು. ಈಗ ಇನ್ನೊಂದು ಅಂಕಿ ನಾನು ಹೇಳ್ತೀನಿ. 2017ರಲ್ಲಿ ಅಮೆರಿಕದ ಯೇಲ್‌ನವರು ಲೆಕ್ಕ ಹಾಕಿದ್ದು. ಸ್ತನ, ಶ್ವಾಸಕೋಶ, ಕರುಳು, ಪ್ರಾಸ್ಟೇಟ್, ಇವುಗಳಲ್ಲಿ ಇನ್ನೂ ಬೇರೆ ಕಡೆ ಹರಡಿರದ ಕ್ಯಾನ್ಸರ್. ಆಪರೇಷನ್, ಕಿಮೋ ಎಲ್ಲ ಬಿಟ್ಟು ಪರ್ಯಾಯ ಚಿಕಿತ್ಸೆ ಮಾತ್ರ ಹಿಡಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನದ ಕ್ಯಾನ್ಸರಲ್ಲಿ ಐದು ಪಟ್ಟಿಗೂ ಮೇಲೆ. ನಮ್ಮ ಬೀದಿಯಲ್ಲೇ ಒಬ್ಬ ಹೆಣ್ಣುಮಗಳು ಗಂಟನ್ನ ಒಂದೂವರೆ ವರ್ಷ ರಸ ಕುಡೀತಾ ಕಳೆದಳು. ಅವಳಿಗೂ ‘ನಿಮ್ಮ ದೇಹಕ್ಕೆ ತಕ್ಕ ಹಾಗೆ’ ಅಂತಲೇ ಯಾರೋ ಚಾರ್ಟ್ ಬರೆದುಕೊಟ್ಟಿದ್ದರು. ಚಾರ್ಟಿನ ಮೇಲೆ ಅವಳ ಹೆಸರಿತ್ತು, ವಯಸ್ಸಿತ್ತು. ಬಯಾಪ್ಸಿ ಮಾತ್ರ ಇರಲಿಲ್ಲ.

ಸೊಸೆ: ಅದಕ್ಕೆ ನಾನು ಸಮರ್ಥನೆ ಕೊಡಲ್ಲ. ಗಂಟು ಕಂಡ ದಿನವೇ ಕಳಿಸಬೇಕು. ನಮಗೆ ಐದೂವರೆ ವರ್ಷದ ಕೋರ್ಸು, ಇಂಟರ್ನ್‌ಶಿಪ್ ಸೇರಿ. ಉಜಿರೆಯಲ್ಲಿ 1989ರಲ್ಲಿ ಶುರುವಾದಾಗಿನಿಂದ ಶರೀರಶಾಸ್ತ್ರ, ರೋಗಶಾಸ್ತ್ರ ಎಲ್ಲ ಓದಿಸ್ತಾರೆ. ಮೈಸೂರಲ್ಲಿ ಸರ್ಕಾರದ್ದೇ ಕಾಲೇಜಿದೆ. ಓದಿದವರು ಹಾಗೆ ಮಾಡಿದ್ರೆ ಅದು ಅಪರಾಧ. ಆದ್ರೆ ನಾಲ್ಕು ತಿಂಗಳ ಸರ್ಟಿಫಿಕೇಟ್ ಹಿಡ್ಕೊಂಡು ‘ನ್ಯಾಚುರೋಪತಿ ಡಾಕ್ಟರ್’ ಅಂತ ಬೋರ್ಡ್ ಹಾಕೋರು ಊರೂರಲ್ಲಿ ಇದ್ದಾರೆ. 2020ರಲ್ಲಿ ಕೇಂದ್ರ ಆಯುರ್ವೇದ, ಯುನಾನಿ, ಸಿದ್ಧ ಪದ್ಧತಿಗಳಿಗೆ ಆಯೋಗ ಮಾಡಿದಾಗ ನಮ್ಮನ್ನ ಹೊರಗೇ ಇಡ್ತು. ಆಯುಷ್ ಅನ್ನೋ ಹೆಸರಲ್ಲಿ ನಾವಿದ್ದೀವಿ, ಕಾನೂನಲ್ಲಿ ಇಲ್ಲ. ರಾಜ್ಯಕ್ಕೊಂದು ರೀತಿ. ರೋಗಿಗೆ ಯಾರು ಯಾರು ಅಂತ ಹೇಗೆ ಗೊತ್ತಾಗಬೇಕು?

ಮಾವ: ಅಮೆರಿಕದಲ್ಲಿರೋ ನನ್ನ ಮಗಳು ಒಬ್ಬ ನ್ಯಾಚುರೋಪಥಿ ಡಾಕ್ಟರ ಹತ್ರ ಹೋಗ್ತಾಳಂತೆ. ಅಲ್ಲಿಂದ ವಿಟಮಿನ್ನು, ಬೇರಿನ ಪುಡಿ, ಹೋಮಿಯೋಪಥಿ ಗುಳಿಗೆ, ಒಂದು ಚೀಲ ತುಂಬ ತರ್ತಾಳೆ. ನಾನು ಇಲ್ಲಿ ಮಾರ್ತಿದ್ದದ್ದಕ್ಕಿಂತ ಜಾಸ್ತಿ!

ಸೊಸೆ: ಹೆಸರು ಒಂದೇ, ಮನೆ ಬೇರೆ. ಅಲ್ಲಿ ಕೆಲವು ರಾಜ್ಯಗಳಲ್ಲಿ ಅವರು ಇಂಗ್ಲಿಷ್ ಔಷಧಿ ಕೂಡ ಬರೀಬಹುದು. ನಮ್ಮದು ಔಷಧವೇ ಇಲ್ಲದ ಚಿಕಿತ್ಸೆ. ಅದು ಹಾಗಿರಲಿ.

ಮಾವ: ಔಷಧ ಇಲ್ಲದ ಚಿಕಿತ್ಸೆಗೆ ಔಷಧ ನುಂಗ್ತಿರೋರೇ ಬರ್ತಾರಲ್ಲ, ನನ್ನ ಭಯ ಅಲ್ಲಿರೋದು. ಹಾರ್ಟ್ ವಾಲ್ವ್ ಹಾಕಿಸ್ಕೊಂಡು ವಾರ್ಫರಿನ್ ತಗೊಳ್ಳೋನಿಗೆ ನೀವು ದಿನಾ ಬೆಳಿಗ್ಗೆ ಸೊಪ್ಪಿನ ರಸ ಕುಡಿಸಿದ್ರೆ ಮಾತ್ರೆಯ ಕೆಲಸವೇ ಇಳಿದುಹೋಗುತ್ತೆ, ವಾಲ್ವಲ್ಲಿ ರಕ್ತ ಹೆಪ್ಪುಗಟ್ಟಬಹುದು. ಕಿಡ್ನಿ ಸೋತವನಿಗೆ ಎಳನೀರು, ಹಣ್ಣಿನ ರಸ ಅಂದ್ರೆ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ಗ್ಲಿಮೆಪಿರೈಡ್ ನುಂಗಿ ಉಪವಾಸ ಕೂತರೆ ಮಧ್ಯಾಹ್ನದೊಳಗೆ ಬೆವತು ಬೀಳ್ತಾನೆ. ಪಾರ್ಕ್ ಮುಂದೆ ಸೋರೆಕಾಯಿ ರಸ ಮಾರೋನಿಗೆ, ಕಹಿ ಬಂದ ಸೋರೆಕಾಯಿ ವಿಷ ಅನ್ನೋದು ಗೊತ್ತಾ? ಜನ ಕಹಿ ಅಂದ್ರೆ ಒಳ್ಳೇದು ಅಂತ ಕಣ್ಣುಮುಚ್ಚಿ ಕುಡೀತಾರೆ, ಸತ್ತೋರೂ ಇದ್ದಾರೆ.

ಸೊಸೆ: ಇಷ್ಟು ಹೊತ್ತು ಒಬ್ಬೊಬ್ಬರಿಗೂ ಬೇರೆ ಅನ್ನೋದು ಬರೀ ಬೋರ್ಡು ಅಂತಿದ್ರಿ. ಈಗ ವಾಲ್ವಿನವರಿಗೆ ಇದಾಗಲ್ಲ, ಕಿಡ್ನಿಯವರಿಗೆ ಅದಾಗಲ್ಲ ಅಂತ ನೀವೇ ವಿಂಗಡಿಸ್ತಿದ್ದೀರಿ.

ಮಾವ: ನಾನು ವಿಂಗಡಿಸ್ತಿರೋದು ರಕ್ತ ಪರೀಕ್ಷೆ ನೋಡಿ. ನೀವು ವಿಂಗಡಿಸೋದು ನಾಲಿಗೆ ನೋಡಿ.

ಸೊಸೆ: ನಾವು ಎರಡನ್ನೂ ನೋಡ್ತೀವಿ. ನೀವೀಗ ಏನೇನು ತಗೋತಿದ್ದೀರಿ? ನಿಜ ಹೇಳಿ.

ಮಾವ: ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಟೆಲ್ಮಿಸಾರ್ಟಾನ್. ಹೋದ ತಿಂಗಳು ಡಪಾಗ್ಲಿಫ್ಲೋಜಿನ್ ಸೇರಿಸಿದ್ರು. ಎಚ್‌ಬಿಎ1ಸಿ 8.4 ಇದೆ.

ಸೊಸೆ: ಡಪಾಗ್ಲಿಫ್ಲೋಜಿನ್ ಇದ್ದ ಮೇಲೆ ಉಪವಾಸದ ಮಾತೇ ಇಲ್ಲ. ಸಕ್ಕರೆ ಸರಿಯಿದೆ ಅಂತ ಮೀಟರು ತೋರಿಸ್ತಿರುತ್ತೆ, ಒಳಗೆ ಕೀಟೋನ್ ಏರ್ತಿರುತ್ತೆ. ರಸದ ದಿನವೂ ಇಲ್ಲ. ಪಾದದ ಸ್ಪರ್ಶ ನೂಲಿಟ್ಟು ನೋಡೋ ತನಕ ಬಿಸಿನೀರಿನ ಟಬ್ಬಿಲ್ಲ. ಕ್ರಿಯಾಟಿನಿನ್ ಬರೋ ತನಕ ಎಳನೀರು ಇಲ್ಲ.

ಮಾವ: ಬರೀ ಇಲ್ಲ ಇಲ್ಲ ಅಂತೀಯಲ್ಲ. ಇರೋದೇನು?

ಸೊಸೆ: ರಾತ್ರಿ ಊಟ ಎಷ್ಟು ಹೊತ್ತಿಗೆ?

ಮಾವ: ಎಂಟು, ಎಂಟೂವರೆ.

ಸೊಸೆ: ಅತ್ತೆ ಹತ್ತೂವರೆ ಅಂದ್ರು.

ಮಾವ: ಅವಳು ನಿನ್ನ ಹತ್ರ ಯಾವಾಗ ಹೇಳಿದ್ಲು? ನೋಡು, ಹುಡುಗ ಅಂಗಡಿ ಬಾಗಿಲು ಹಾಕಿ ಬರೋದೇ ಹತ್ತು ಗಂಟೆಗೆ. ಲೆಕ್ಕ, ಸ್ಟಾಕು, ಯಾವ ಕಂಪನಿ ಏನು ಸ್ಕೀಮ್ ಕೊಟ್ಟಿದೆ ಅಂತ ಅವನು ನನ್ನ ಹತ್ರ ಬಾಯಿ ಬಿಡೋದು ಆಗ ಮಾತ್ರ. ನಾನು ಏಳೂವರೆಗೆ ಉಂಡು ಮಲಗಿದ್ರೆ ಈ ಮನೇಲಿ ಅಪ್ಪ ಮಗನಿಗೆ ಮಾತೇ ಇರಲ್ಲ.

ಸೊಸೆ: ಇದು ನಿಮ್ಮ ಡಯಾಬಿಟಿಸ್ ಡಾಕ್ಟರಿಗೆ ಗೊತ್ತಾ?

ಮಾವ: ಅವರು ಯಾಕೆ ಕೇಳ್ತಾರೆ?

ಸೊಸೆ: ಹಾಗಾದ್ರೆ ನೀವು ಏಳೂವರೆಗೆ ಊಟ ಮುಗಿಸಿ. ಮುದ್ದೆ ಒಂದೇ, ಸೊಪ್ಪಿನ ಸಾರು ಜಾಸ್ತಿ. ಆಮೇಲೆ ಬೀದಿ ಕೊನೆ ತನಕ ಎರಡು ಸುತ್ತು. ಹತ್ತಕ್ಕೆ ಮಗ ಬಂದಾಗ ಅವನ ಎದುರಿಗೆ ಒಂದು ಲೋಟ ಮಜ್ಜಿಗೆ ಹಿಡ್ಕೊಂಡು ಕೂತ್ಕೊಳ್ಳಿ. ಮಾತು ಹೋಗಲ್ಲ, ಊಟ ಮಾತ್ರ ಬೇಗ ಆಗುತ್ತೆ. ಹೀಗೆ ಊಟ ಹಿಂದು ಮುಂದು ಮಾಡೋ ಮೊದಲು ಗ್ಲಿಮೆಪಿರೈಡ್ ಯಾವ ಹೊತ್ತಿಗೆ ಅಂತ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಅದನ್ನ ನಾನು ಹೇಳಲ್ಲ.

ಮಾವ: ಸರಿ, ಬರ್ಕೋ. ಇವತ್ತು 8.4. ಮೂರು ತಿಂಗಳಿಗೆ ಇನ್ನೊಂದು ಟೆಸ್ಟು. ಎಷ್ಟು ಇಳಿದ್ರೆ ನೀನು ಗೆದ್ದೆ, ಎಷ್ಟಕ್ಕೆ ಸೋತೆ ಅಂತ ಈಗಲೇ ಬರೆದಿಡು. ಆಮೇಲೆ ದೇಹಪ್ರಕೃತಿ ಅನ್ನಬಾರದು.

ಸೊಸೆ: ಬರೀತೀನಿ. ಆದ್ರೆ ಒಂದು ತೊಡಕಿದೆ. ಹೊಸ ಮಾತ್ರೆ ಶುರುವಾಗಿ ಒಂದೇ ತಿಂಗಳು. ಈಗ ಊಟದ ಹೊತ್ತನ್ನೂ ಬದಲಾಯಿಸಿ, ಮೂರು ತಿಂಗಳಿಗೆ 7.5ಕ್ಕೆ ಇಳಿದ್ರೆ ಅದು ಮಾತ್ರೆಯಿಂದಲೋ, ಮಜ್ಜಿಗೆಯಿಂದಲೋ?

ಮಾವ: ಅದೂ ನಿಜವೇ. ಮಾತ್ರೆಯ ಪರಿಣಾಮ ಪೂರಾ ಬರಲಿ, ಟೆಸ್ಟ್ ಆಗಲಿ, ಆಮೇಲೆ ನಿನ್ನದು ಶುರು ಮಾಡೋಣ. ಅಲ್ಲಿ ತನಕ ಹತ್ತೂವರೆಗೇ ಊಟ.

ಸೊಸೆ: ಪುರಾವೆ ಬೇಕಾದ್ರೆ ಹಾಗೆ ಕಾಯಬೇಕು. ಸಕ್ಕರೆ ಇಳೀಬೇಕಾದ್ರೆ ಕಾಯಬಾರದು. ಎರಡೂ ಒಟ್ಟಿಗೆ ಆಗಲ್ಲ ಮಾವ, ಯಾವುದು ಬೇಕು ನೀವೇ ಹೇಳಿ.

ಮಾವ: ಅಂದ್ರೆ ಇವತ್ತು ರಾತ್ರಿಯಿಂದಲೇನಾ? ನಿಮ್ಮತ್ತೆ ಕೋಳಿ ಸಾರು ಅಂತಿದ್ಲಲ್ಲ.

ಸೊಸೆ: ಏಳೂವರೆಗೆ ಬೇಯಲ್ವಾ?